ಸಂಗೀತ ವಿಚಾರ: ಗದ್ದಲದ ಮೂರು ಧ್ವನಿಮುದ್ರಿಕೆಗಳು

ಇಂಪಾದುದೆಲ್ಲವೂ ಸಂಗೀತ, ಕರ್ಕಶವಾದುದೆಲ್ಲವೂ ಗದ್ದಲ ಎಂದು ನಿರ್ಣಯಿಸಿಬಿಡುವುದು ಸುಲಭ. ಆದರೆ ಮನುಷ್ಯನ ಚಿತ್ತವೃತ್ತಿಗಳೆಲ್ಲವೂ ಇಂಪಾದುವಲ್ಲ. ಕೋಪ, ಭಯ, ಜುಗುಪ್ಸೆಗಳೂ ನಮ್ಮೊಳಗಿರುವುವು. ನಮ್ಮ ಆಲಂಕಾರಿಕರು ಇದನ್ನರಿತೇ ರೌದ್ರ, ಭಯಾನಕ, ಬೀಭತ್ಸಗಳನ್ನು ಶೃಂಗಾರದೊಡನೆ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದರು. ಆ ಮೂರು ರಸಗಳನ್ನೇ ಮುಖ್ಯವಾಗಿ ಹಿಡಿದು ಬೆಳೆದ ಪಾಶ್ಚಾತ್ಯ ಸಂಗೀತಮಾರ್ಗವೊಂದುಂಟು. ಅದಕ್ಕೆ ಪಂಕ್ ಎಂದು ಹೆಸರು; ಅದರ ಇನ್ನೂ ಒರಟಾದ ತಮ್ಮನಿಗೆ ನಾಯ್ಸ್ ರಾಕ್ ಎಂದು ಹೆಸರು. ಈ ಲೇಖಕನಿಗೆ ಅವುಗಳಲ್ಲಿ ಬಹುಕಾಲದ ಪ್ರೀತಿ. ೨೦೨೪ನೆಯ ಇಸವಿಯಲ್ಲಿ ಅಮೆರಿಕದಿಂದ ಹೊರಬಂದ ಮೂರು ಆಲ್ಬಮ್‌ಗಳು ಆ ಪ್ರೀತಿಯನ್ನು ಇಮ್ಮಡಿಗೊಳಿಸಿದುದರಿಂದ, ಅವುಗಳ ಪರಿಚಯವನ್ನು ವಾಚಕರ ಮುಂದಿಡುವೆನು.

ಮೊದಲು ಇವುಗಳ ವಂಶವನ್ನು ಸ್ವಲ್ಪ ನೋಡೋಣ. ಯಂತ್ರಗಳ ಸದ್ದಿಗೂ ಸಂಗೀತದಲ್ಲಿ ಸ್ಥಾನವಿರಬೇಕೆಂದು ಇಟಲಿಯ ಚಿತ್ರಕಾರ ಲೂಯಿಜಿ ರುಸ್ಸೊಲೊ ೧೯೧೩ರಲ್ಲಿಯೇ ವಾದಿಸಿದ್ದನು. ೧೯೭೬ರಲ್ಲಿ ನ್ಯೂಯಾರ್ಕಿನ ರಮೋನ್ಸ್ ಎಂಬ ತಂಡವು ತನ್ನ ಮೊದಲ ಆಲ್ಬಮ್ಮನ್ನು ಹೊರತಂದಿತು. ಅದರಲ್ಲಿ ಹದಿನಾಲ್ಕು ಹಾಡುಗಳಿದ್ದರೂ ಎಲ್ಲವೂ ಸೇರಿ ಅರ್ಧ ಗಂಟೆಯಾಗದು. ವರ್ಷಗಟ್ಟಲೆ ಶಿಕ್ಷಣ ಪಡೆಯದವನೂ, ಕೈಯಲ್ಲಿ ಹಣವಿಲ್ಲದವನೂ, ಹೇಳತಕ್ಕ ಮಾತೊಂದಿದ್ದರೆ ಹಾಡಬಹುದೆಂಬ ಧೈರ್ಯವನ್ನು ಅದು ಎಷ್ಟೋ ತರುಣರಿಗೆ ಕೊಟ್ಟಿತು. ೧೯೮೧ರಲ್ಲಿ ಅದೇ ನಗರದಲ್ಲಿ ಹುಟ್ಟಿದ ಸಾನಿಕ್ ಯೂತ್ ತಂಡದವರು ಗಿಟಾರಿನ ಶ್ರುತಿಯನ್ನು ತಮಗೆ ತೋಚಿದಂತೆ ಬದಲಿಸಿ, ತಂತಿಗಳ ಕೆಳಗೆ ಸ್ಕ್ರೂಡ್ರೈವರುಗಳನ್ನು ಸೇರಿಸಿ, ಹಿಂದೆ ಯಾರೂ ಕೇಳದ ನಾದಗಳನ್ನು ಹೊರಡಿಸಿದರು. ೧೯೮೮ರಲ್ಲಿ ಬಂದ ಅವರ "ಡೇಡ್ರೀಮ್ ನೇಷನ್" ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸು ರಕ್ಷಣೀಯವೆಂದು ಆರಿಸಿದ ಧ್ವನಿಮುದ್ರಣಗಳಲ್ಲಿ ಒಂದಾಗಿದೆ. ಗದ್ದಲವೆಂದು ಮೂಗು ಮುರಿದವರ ದೇಶದಲ್ಲಿಯೇ ಅದು ರಾಷ್ಟ್ರದ ಆಸ್ತಿಯಾಯಿತು.

ಈ ಸದ್ದು ಹುಟ್ಟುವ ಬಗೆಯೂ ತಿಳಿಯತಕ್ಕುದೇ. ವಿದ್ಯುತ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ, ಅದಕ್ಕೆ ಸುತ್ತಿದ ತಾಮ್ರದ ಸುರುಳಿಯೂ ಇರುವುವು. ತಂತಿಯು ಕಂಪಿಸಿದಾಗ ಸುರುಳಿಯಲ್ಲಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುವುದು. ಆಂಪ್ಲಿಫಯರು ಅದನ್ನು ಹಿಗ್ಗಿಸುವುದು. ಆ ಯಂತ್ರಕ್ಕೆ ಅದರ ಶಕ್ತಿಗೆ ಮೀರಿದ ಹೊರೆಯನ್ನು ಹೊರಿಸಿದರೆ ನಾದದ ಅಲೆಗಳ ನೆತ್ತಿ ಚಪ್ಪಟೆಯಾಗಿ, ಮೂಲಸ್ವರದಲ್ಲಿಲ್ಲದ ಉಪಸ್ವರಗಳು ಏಳುವುವು. ಗಿಟಾರನ್ನು ಧ್ವನಿಪೆಟ್ಟಿಗೆಯ ಸಮೀಪಕ್ಕೆ ತಂದರೆ, ಹೊರಟ ಸದ್ದೇ ತಂತಿಯನ್ನು ಮತ್ತೆ ಅಲುಗಿಸಿ, ನಿಲ್ಲದ ಕೂಗೊಂದು ಹುಟ್ಟುವುದು. ಇತರರು ದೋಷವೆಂದು ಅಡಗಿಸುವುದನ್ನು ಇವರು ಅಳತೆಯಿಟ್ಟು ಬಳಸುವರು. ಆ ಅಳತೆಯಲ್ಲಿಯೇ ಇವರ ವಿದ್ಯೆ ಇರುವುದು.

ಈಗ ಮೂರು ಆಲ್ಬಮ್‌ಗಳ ವಿಷಯಕ್ಕೆ ಬರುವೆನು. ಮೊದಲನೆಯದು ಶೆಲಾಕ್ ತಂಡದ "ಟು ಆಲ್ ಟ್ರೇನ್ಸ್." ಹತ್ತು ವರ್ಷಗಳ ಮೌನದ ಅನಂತರ ೨೦೨೪ರ ಮೇ ೧೭ರಂದು ಇದು ಪ್ರಕಟವಾಯಿತು. ತಂಡದ ಗಾಯಕನೂ ಗಿಟಾರುವಾದಕನೂ ಆದ ಸ್ಟೀವ್ ಆಲ್ಬಿನಿಯು ಅದಕ್ಕೆ ಹತ್ತು ದಿನಗಳ ಮುಂಚೆ, ಮೇ ೭ರಂದು, ಹೃದಯಾಘಾತದಿಂದ ತೀರಿಕೊಂಡಿದ್ದನು. ವಯಸ್ಸು ೬೧. ಕಡೆಯ ಹಾಡಿನ ಹೆಸರು ತನಗೆ ನರಕದ ಭಯವಿಲ್ಲವೆಂದು ಸಾರುವುದು. ಹಾಡುವಾಗ ಅವನಿಗೆ ಮುಂದಿನದು ತಿಳಿದಿರಲಿಲ್ಲ. ಕೇಳುವ ನಮಗೆ ತಿಳಿದಿದೆ. ಆದುದರಿಂದ ಆ ಹಾಡನ್ನು ನಿರ್ಲಿಪ್ತರಾಗಿ ಕೇಳುವುದು ಅಶಕ್ಯ. ಮೂವರೇ ವಾದಕರು, ಅನಾವಶ್ಯಕವಾದ ಒಂದು ಪೆಟ್ಟೂ ಇಲ್ಲ, ಅರ್ಧ ಗಂಟೆಯೊಳಗೆ ಎಲ್ಲವೂ ಮುಗಿಯುವುದು.

ಈ ಆಲ್ಬಿನಿಯ ನಡತೆಯನ್ನು ಗೃಹಸ್ಥರಾದವರು ತಿಳಿದಿರುವುದು ಒಳ್ಳೆಯದು. ಅವನು ಇತರರ ಹಾಡುಗಳನ್ನು ಮುದ್ರಿಸಿಕೊಡುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡಿದ್ದನು. ೧೯೯೭ರಲ್ಲಿ ಷಿಕಾಗೋ ನಗರದಲ್ಲಿ ಅದಕ್ಕಾಗಿ ಸ್ವಂತ ಮುದ್ರಣಶಾಲೆಯನ್ನು ತೆರೆದನು. ನಿರ್ವಾಣ ಎಂಬ ಪ್ರಸಿದ್ಧ ತಂಡದ "ಇನ್ ಯುಟೆರೊ" ಎಂಬ ೧೯೯೩ರ ಆಲ್ಬಮ್ಮನ್ನು ಮುದ್ರಿಸುವ ಮೊದಲು, ಮಾರಾಟದಲ್ಲಿ ತನಗೆ ಪಾಲು ಬೇಡ, ಕೊಳಾಯಿ ಸರಿಪಡಿಸುವವನಿಗೆ ಕೊಡುವಂತೆ ಮಾಡಿದ ಕೆಲಸಕ್ಕೆ ತಕ್ಕ ಕೂಲಿಯನ್ನು ಕೊಟ್ಟರೆ ಸಾಕು ಎಂದು ಕಾಗದ ಬರೆದನು. ಆ ಆಲ್ಬಮ್ಮು ಲಕ್ಷಗಟ್ಟಲೆ ಮಾರಾಟವಾಯಿತು. ಹಾಡು ಹಾಡಿದವರದು, ಅದರ ಫಲವೂ ಅವರದೇ ಎಂಬುದು ಅವನ ನಿಯಮ. ಕಲಾವಿದರ ದುಡಿಮೆಯನ್ನು ನಡುವಿನವರು ಉಣ್ಣುವುದು ವಾಡಿಕೆಯಾಗಿರುವಲ್ಲಿ ಇಂತಹ ನಿಯಮವನ್ನು ಪಾಲಿಸುವವರು ವಿರಳ.

ಎರಡನೆಯದು ಜೀಸಸ್ ಲಿಜರ್ಡ್ ತಂಡದ "ರ್‍ಯಾಕ್." ನೀರಿನ ಮೇಲೆ ಓಡಬಲ್ಲ ಒಂದು ಜಾತಿಯ ಓತಿಗೆ ಈ ಹೆಸರುಂಟು. ಈ ತಂಡದ ಮೊದಲ ಕೃತಿಗಳನ್ನು ಮುದ್ರಿಸಿದವನೂ ಆಲ್ಬಿನಿಯೇ. ೧೯೯೮ರ ಅನಂತರ ಇಪ್ಪತ್ತಾರು ವರ್ಷ ಇವರಿಂದ ಹೊಸ ಆಲ್ಬಮ್ಮು ಬಂದಿರಲಿಲ್ಲ. ಗಾಯಕ ಡೇವಿಡ್ ಯೌ ಈಗ ಅರವತ್ತು ದಾಟಿದವನು. ಆದರೂ ಅವನ ಕಂಠದ ಹುಚ್ಚು ಆವೇಶ ಕುಗ್ಗಿಲ್ಲ. ರೌದ್ರವು ತಾರುಣ್ಯದ ಸೊತ್ತೆಂದು ನಂಬಿದವರು ಇದನ್ನು ಕೇಳಬೇಕು.

ಮೂರನೆಯದು, ನನ್ನ ಮನಸ್ಸನ್ನು ಹೆಚ್ಚಾಗಿ ಕಲಕಿದುದು, ಒಕ್ಲಹೋಮದ ಚ್ಯಾಟ್ ಪೈಲ್ ತಂಡದ "ಕೂಲ್ ವರ್ಲ್ಡ್." ತಂಡದ ಹೆಸರಿನ ಅರ್ಥ ಗಣಿಯ ಕಸದ ಗುಡ್ಡೆ. ಒಕ್ಲಹೋಮದ ಪಿಚರ್ ಎಂಬ ಊರಿನಲ್ಲಿ ಸೀಸವನ್ನೂ ಸತುವನ್ನೂ ಅಗೆದು, ಉಳಿದ ಪುಡಿಗಲ್ಲನ್ನು ಬೆಟ್ಟದಂತೆ ರಾಶಿ ಹಾಕಿದರು. ಆ ವಿಷವು ಮಣ್ಣನ್ನೂ ನೀರನ್ನೂ ಕೆಡಿಸಿ ಮಕ್ಕಳ ರಕ್ತಕ್ಕೂ ಸೇರಿತು. ಸರ್ಕಾರವೇ ಜನರನ್ನು ಎಬ್ಬಿಸಬೇಕಾಯಿತು. ೨೦೦೯ರಲ್ಲಿ ಆ ಊರಿನ ಪುರಸಭೆಯೂ ಮುಚ್ಚಿತು. ಇಂತಹ ಸೀಮೆಯವರು ವೀಣೆಯಂತೆ ನುಡಿಯಲಿಲ್ಲವೆಂದು ಆಕ್ಷೇಪಿಸುವುದು ನ್ಯಾಯವೆ? ೨೦೨೨ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಇವರು ಸೂರಿಲ್ಲದೆ ಬೀದಿಯಲ್ಲಿ ಮಲಗುವವರ ವಿಷಯವಾಗಿ ಹಾಡಿದ್ದರು. ಇದರಲ್ಲಿ ಲೋಕದ ಯುದ್ಧ ಹಿಂಸೆಗಳ ಕಡೆಗೂ ದೃಷ್ಟಿಯನ್ನು ಹಾಯಿಸಿರುವರು. ಗಿಟಾರಿನ ಸದ್ದು ಗಣಿಯ ಯಂತ್ರದಂತೆ ಭಾರವಾಗಿದೆ. ಗಾಯಕನ ಧ್ವನಿಯು ಆ ಭಾರದ ಕೆಳಗಿನಿಂದ ಕೂಗಿದಂತಿದೆ.

ಮನೆವಾರ್ತೆಯ ಎರಡು ಮಾತುಗಳನ್ನು ಹೇಳಿ ಮುಗಿಸುವೆನು. ಈ ಹಾಡುಗಳ ಭಾಷೆ ಅನೇಕ ಕಡೆ ಒರಟು. ಚಿಕ್ಕಮಕ್ಕಳ ಮುಂದೆ ಹಾಕತಕ್ಕುದಲ್ಲ. ಸದ್ದನ್ನು ಮಿತಿಯಲ್ಲಿಡಬೇಕು, ಕಿವಿಯೊಳಗಿನ ಸೂಕ್ಷ್ಮ ರೋಮಕಣಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯವು. ಇಷ್ಟರಮೇಲೆ, ಮನೆಯ ಮಗನೋ ಮಗಳೋ ಬಾಗಿಲು ಮುಚ್ಚಿಕೊಂಡು ಇಂತಹುದನ್ನು ಕೇಳುತ್ತಿದ್ದರೆ, ನಿಲ್ಲಿಸೆಂದು ಗದರುವ ಮೊದಲು ಹತ್ತು ನಿಮಿಷ ಜೊತೆಯಲ್ಲಿ ಕುಳಿತು, ಇದರಲ್ಲಿ ನಿನಗೆ ಹಿಡಿಸಿದ್ದೇನು ಎಂದು ಕೇಳಬೇಕು. ಸಂಗೀತವು ರುಚಿಸದಿರಬಹುದು, ಆದರೆ ಮಕ್ಕಳು ಕೊಡುವ ಉತ್ತರವು ಕೇಳತಕ್ಕುದಾಗಿರುವುದರಲ್ಲಿ ಸಂದೇಹವಿಲ್ಲ.