ಎಷ್ಟು ಜನರಲ್ಲಿ ಎಷ್ಟು ಜನರಿಗೆ?

2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೂ ಕಾಟನ್ ಕ್ಯಾಂಡಿಗೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಆಹಾರ ಸುರಕ್ಷತಾ ಅಧಿಕಾರಿಗಳು ಸಂಗ್ರಹಿಸಿದ್ದ 171 ಗೋಬಿ ಮಾದರಿಗಳ ಪೈಕಿ 107ರಲ್ಲಿ, 25 ಕಾಟನ್ ಕ್ಯಾಂಡಿ ಮಾದರಿಗಳ ಪೈಕಿ 15ರಲ್ಲಿ ಬಳಸಬಾರದ ಬಣ್ಣಗಳು ಪತ್ತೆಯಾಗಿದ್ದವು. ಸುದ್ದಿ ಮನೆಮನೆಗೆ ತಲುಪುವಷ್ಟರಲ್ಲಿ ಈ ಅಂಕಿಗಳೆಲ್ಲ ಉದುರಿಹೋಗಿ ‘ಗೋಬಿ ತಿಂದರೆ ಕ್ಯಾನ್ಸರ್’ ಎಂಬ ಮೂರು ಪದ ಮಾತ್ರ ಉಳಿದಿತ್ತು.

ಆದೇಶ ಸರಿಯಾಗಿಯೇ ಇತ್ತು. ನನ್ನ ತಕರಾರು ಆ ಮೂರು ಪದಗಳ ಬಗ್ಗೆ. ಗೋಬಿಯಲ್ಲಿ ಸಿಕ್ಕಿದ್ದು ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್. ಈ ಮೂರೂ ನಮ್ಮ ಕಾನೂನು ಒಪ್ಪಿರುವ ಎಂಟು ಕೃತಕ ಬಣ್ಣಗಳ ಪಟ್ಟಿಯಲ್ಲೇ ಇವೆ. ಕೆಲವು ಬಗೆಯ ತಿನಿಸುಗಳಿಗೆ ಮಾತ್ರ, ಅದೂ ಸಾಮಾನ್ಯವಾಗಿ ಕಿಲೋಗೆ 100 ಮಿಲಿಗ್ರಾಂ ಮೀರದಂತೆ ಹಾಕಬಹುದು. ಗೋಬಿಗೆ ಆ ಅನುಮತಿಯಿಲ್ಲ, ಆದ್ದರಿಂದ ಅಲ್ಲಿ ಅದು ಅಪರಾಧ. ಕಾಟನ್ ಕ್ಯಾಂಡಿಯಲ್ಲಿದ್ದ ರೋಡಮಿನ್-ಬಿಯ ಕಥೆ ಬೇರೆ. ಅದು ಬಟ್ಟೆಗೆ ಹಾಕುವ ಬಣ್ಣ, ಯಾವ ಆಹಾರದಲ್ಲೂ ಇರಕೂಡದು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಇಟ್ಟಿರುವುದು ಮೂರನೆಯ ಗುಂಪಿನಲ್ಲಿ. ಅಂದರೆ, ಮನುಷ್ಯರಿಗೆ ಅದು ಕ್ಯಾನ್ಸರ್ ತರುತ್ತದೆಂದು ಹೇಳಲು ಇರುವ ಆಧಾರ ಸಾಲದು. ಹಾಗೆಂದ ಮಾತ್ರಕ್ಕೆ ಅದು ನಿರಪಾಯಕಾರಿ ಎಂದಾಗುವುದಿಲ್ಲ. ಬಟ್ಟೆಯ ಬಣ್ಣ ಮಗುವಿನ ಹೊಟ್ಟೆಗೆ ಹೋಗಬಾರದು ಎನ್ನುವುದಕ್ಕೆ ಕ್ಯಾನ್ಸರಿನ ಹೆಸರು ಎತ್ತುವ ಅಗತ್ಯವೇ ಇಲ್ಲ.

ಒಳ್ಳೆಯ ಉದ್ದೇಶಕ್ಕೆ ಸ್ವಲ್ಪ ಹೆದರಿಸಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ತಪ್ಪಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಕ್ ಸರದಿ ಬಂತು. 235 ಮಾದರಿಗಳಲ್ಲಿ 223 ಸುರಕ್ಷಿತ, 12 ಅಸುರಕ್ಷಿತ ಎಂದು ಇಲಾಖೆಯೇ ಹೇಳಿತ್ತು. ಜನರ ನೆನಪಿನಲ್ಲಿ ಉಳಿದದ್ದು ‘ಕೇಕಿನಲ್ಲಿ ಕ್ಯಾನ್ಸರ್’. ಅದಕ್ಕೂ ಮುಂಚೆ, 2016ರಲ್ಲಿ, ಬ್ರೆಡ್ಡಿನ ಪೊಟ್ಯಾಸಿಯಂ ಬ್ರೋಮೇಟ್ ಇತ್ತು. ಹೀಗೆ ಒಂದರ ಮೇಲೊಂದು ಎಚ್ಚರಿಕೆ ಬಿದ್ದಾಗ ಜನ ಎಚ್ಚರಗೊಳ್ಳುವುದಿಲ್ಲ, ಕೈಚೆಲ್ಲುತ್ತಾರೆ. ‘ಈಗ ಯಾವುದರಿಂದ ಕ್ಯಾನ್ಸರ್ ಬರೋದಿಲ್ಲ ಹೇಳಿ, ಎಲ್ಲ ಬಿಟ್ಟು ಗಾಳಿ ಕುಡಿದು ಬದುಕೋದಾ?’ ಎನ್ನುವ ಮಾತು ಗುಟ್ಕಾ ಪೊಟ್ಟಣ ಹರಿಯುವವನ ಬಾಯಲ್ಲೇ ಮೊದಲು ಬರುತ್ತದೆ. ಉತ್ಪ್ರೇಕ್ಷೆಯ ಸುದ್ದಿ ಅವನಿಗೆ ಒಂದು ನೆಪವನ್ನು ಪುಕ್ಕಟೆಯಾಗಿ ಒದಗಿಸಿಕೊಟ್ಟಿದೆ.

ಇಂಥ ಸುದ್ದಿ ಹುಟ್ಟುವ ಬಗೆಯನ್ನು ತಿಳಿಯಲು 2015ರ ಅಕ್ಟೋಬರ್ 26ಕ್ಕೆ ಹೋಗಬೇಕು. ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಂದು ಸಂಸ್ಕರಿತ ಮಾಂಸವನ್ನು ಮೊದಲನೆಯ ಗುಂಪಿಗೆ, ಅಂದರೆ ಕ್ಯಾನ್ಸರ್ ತರುತ್ತದೆಂಬುದು ಖಚಿತವಾದವುಗಳ ಗುಂಪಿಗೆ, ಸೇರಿಸಿತು. ಹತ್ತು ದೇಶಗಳ 22 ತಜ್ಞರು 800ಕ್ಕೂ ಹೆಚ್ಚು ಅಧ್ಯಯನಗಳನ್ನು ನೋಡಿ ತೆಗೆದುಕೊಂಡ ತೀರ್ಮಾನ ಅದು. ತಂಬಾಕೂ ಮೊದಲನೆಯ ಗುಂಪಿನಲ್ಲೇ ಇರುವುದರಿಂದ ಮರುದಿನದ ಪತ್ರಿಕೆಗಳಲ್ಲಿ ಬೇಕನ್ ಮತ್ತು ಸಿಗರೇಟು ಒಂದೇ ತಕ್ಕಡಿಗೆ ಬಿದ್ದವು.

ಆದರೆ ಆ ಗುಂಪುಗಳು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಮಾತ್ರ. ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ನಾಗರಹಾವಿಗೆ ವಿಷವಿದೆ ಎನ್ನುವುದು ಖಚಿತ; ಅದು ನನ್ನ ಹಿತ್ತಲಿಗೆ ಬಂದಿದೆಯೇ, ಬಂದಿದ್ದರೆ ನಾನು ತುಳಿಯುವ ಜಾಗದಲ್ಲಿದೆಯೇ ಎನ್ನುವುದು ಬೇರೆಯೇ ಪ್ರಶ್ನೆ. ಲಿಯಾನಿನ ತಜ್ಞರು ಉತ್ತರಿಸಿದ್ದು ಮೊದಲನೆಯದಕ್ಕೆ. ಓದುಗನಿಗೆ ಬೇಕಾಗಿದ್ದದ್ದು ಎರಡನೆಯದು.

ಅದಕ್ಕೂ ಉತ್ತರವಿತ್ತು. ದಿನಕ್ಕೆ 50 ಗ್ರಾಂ ಸಂಸ್ಕರಿತ ಮಾಂಸ ತಿಂದರೆ ದೊಡ್ಡಕರುಳಿನ ಕ್ಯಾನ್ಸರಿನ ಸಂಭವ ಶೇ. 18ರಷ್ಟು ಹೆಚ್ಚು ಎಂದು ಅದೇ ಪ್ರಕಟಣೆ ಹೇಳಿತ್ತು. ಈ 18ನ್ನು ಕಂಡವರು, ತಿಂದ ನೂರು ಜನರಲ್ಲಿ ಹದಿನೆಂಟು ಜನರಿಗೆ ಕ್ಯಾನ್ಸರ್ ಎಂದು ಓದಿಕೊಂಡರು. ಬ್ರಿಟನ್ನಿನ ಲೆಕ್ಕ ನೋಡಿ. ಅಲ್ಲಿ ಸಾವಿರ ಜನರಲ್ಲಿ ಸುಮಾರು 61 ಮಂದಿಗೆ ಜೀವಮಾನದಲ್ಲಿ ಎಂದಾದರೊಮ್ಮೆ ಕರುಳಿನ ಕ್ಯಾನ್ಸರ್ ಬರುತ್ತದೆ. ಸಂಸ್ಕರಿತ ಮಾಂಸವನ್ನು ತೀರ ಕಡಿಮೆ ತಿನ್ನುವವರಲ್ಲಿ ಅದು 56, ಅತಿ ಹೆಚ್ಚು ತಿನ್ನುವವರಲ್ಲಿ 66. ಸಾವಿರಕ್ಕೆ ಹತ್ತು ಜನರ ವ್ಯತ್ಯಾಸ. ಹತ್ತು ಜೀವಗಳನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಇದನ್ನು ತಿಳಿದು ದಿನವೂ ತಿನ್ನುತ್ತಿದ್ದವನು ಕಡಿಮೆ ಮಾಡಬಹುದು, ಅಪರೂಪಕ್ಕೆ ತಿನ್ನುವವನು ನೆಮ್ಮದಿಯಿಂದಿರಬಹುದು. ‘ಸಿಗರೇಟಿಗೆ ಸಮ’ ಎಂಬ ತಲೆಬರಹದಿಂದ ಇಬ್ಬರಿಗೂ ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅಂದು ಉಲ್ಲೇಖಿಸಿದ ಅಂದಾಜಿನ ಪ್ರಕಾರ ಸಂಸ್ಕರಿತ ಮಾಂಸ ಹೆಚ್ಚಿರುವ ಆಹಾರದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 34,000 ಕ್ಯಾನ್ಸರ್ ಸಾವುಗಳು, ತಂಬಾಕಿನಿಂದ ಸುಮಾರು ಹತ್ತು ಲಕ್ಷ.

ನಮ್ಮಲ್ಲಿಗೆ ಬರುವಾಗ ಆ ಸುದ್ದಿ ಇನ್ನೊಂದು ತಿರುವು ಪಡೆಯಿತು. ಸಂಸ್ಕರಿತ ಮಾಂಸ ಎಂದರೆ ಉಪ್ಪು, ನೈಟ್ರೈಟ್ ಹಾಕಿ, ಹೊಗೆಯಾಡಿಸಿ ಕೆಡದಂತೆ ಇಟ್ಟ ಬೇಕನ್, ಹ್ಯಾಮ್, ಸಾಸೇಜು. ಭಾನುವಾರದ ಮನೆಯ ಮಟನ್ ಸಾರು ಆ ಗುಂಪಿಗೆ ಸೇರುವುದಿಲ್ಲ. ಕೆಂಪು ಮಾಂಸಕ್ಕೆ ಕೊಟ್ಟ ಸ್ಥಾನ ಬೇರೆ, ಅದರ ಸಾಕ್ಷ್ಯವೂ ಅಷ್ಟು ಬಲವಾದದ್ದಲ್ಲ. ಆದರೆ ತಟ್ಟೆ ನೋಡಿ ಮನುಷ್ಯರನ್ನು ಮೇಲು ಕೀಳೆಂದು ಅಳೆಯುವ ನಾಡಿನಲ್ಲಿ ‘ಮಾಂಸದಿಂದ ಕ್ಯಾನ್ಸರ್’ ಎಂಬ ಮಾತು ಆರೋಗ್ಯದ ಸಲಹೆಯಾಗಿ ಉಳಿಯಲಿಲ್ಲ, ಒಂದು ಪಕ್ಷದವರ ಕೈಗೆ ಸಿಕ್ಕಿದ ಪುರಾವೆಯಾಯಿತು. ನಮ್ಮ ಮೊದಲಿನ ನಂಬಿಕೆಗೆ ಹೊಂದುವ ಸುದ್ದಿ ಬಂದಾಗಲೇ ನಾವು ಅತ್ಯಂತ ಕಡಿಮೆ ಪ್ರಶ್ನೆ ಕೇಳುತ್ತೇವೆ.

2023ರ ಜುಲೈಯಲ್ಲಿ ಆಸ್ಪರ್ಟೇಮ್ ಎಂಬ ಸಿಹಿಕಾರಕದ ವಿಷಯದಲ್ಲಿ ಆದದ್ದೂ ಇಂಥದ್ದೇ. ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂದು ಲಿಯಾನಿನ ಸಂಸ್ಥೆ ಹೇಳಿದ ದಿನವೇ, ಆಹಾರ ಸೇರ್ಪಡೆಗಳ ಕುರಿತ ಜಂಟಿ ತಜ್ಞ ಸಮಿತಿ ಹಿಂದಿನ ಮಿತಿಯನ್ನು ಬದಲಿಸಬೇಕಾಗಿಲ್ಲ ಎಂದಿತು. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಆ ಮಿತಿ. 70 ಕಿಲೋ ತೂಗುವವರು ಅದನ್ನು ದಾಟಲು ಡಯಟ್ ಸೋಡಾದ 9ರಿಂದ 14 ಕ್ಯಾನುಗಳಿಗಿಂತ ಹೆಚ್ಚನ್ನು ಒಂದೇ ದಿನ ಕುಡಿಯಬೇಕು. ಮೊದಲರ್ಧ ಮಾತ್ರ ಊರೂರು ಸುತ್ತಿತು.

ದೋಷವನ್ನೆಲ್ಲ ಪತ್ರಕರ್ತರ ತಲೆಗೆ ಕಟ್ಟುವುದು ಅನ್ಯಾಯ. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳ 462 ಪತ್ರಿಕಾ ಪ್ರಕಟಣೆಗಳನ್ನು ಪರಿಶೀಲಿಸಿದ 2014ರ ಒಂದು ಅಧ್ಯಯನದಲ್ಲಿ, ಮೂರರಲ್ಲೊಂದು ಭಾಗದಷ್ಟು ಪ್ರಕಟಣೆಗಳು ಮೂಲ ಪ್ರಬಂಧ ಹೇಳದ ಕಾರ್ಯಕಾರಣ ಸಂಬಂಧವನ್ನು ತಾವೇ ಸೇರಿಸಿದ್ದವು. ಉತ್ಪ್ರೇಕ್ಷೆ ಶುರುವಾಗುವುದು ಪ್ರಯೋಗಾಲಯದ ಹೊಸ್ತಿಲಲ್ಲೇ.

ಇನ್ನು ಆಹಾರದ ಅಧ್ಯಯನಗಳ ಸ್ವಭಾವವೇ ಕಷ್ಟದ್ದು. ಕಳೆದ ವರ್ಷ ವಾರಕ್ಕೆ ಎಷ್ಟು ಸಲ ಬೇಳೆ ತಿಂದಿರಿ, ಎಷ್ಟು ಸಲ ಕರಿದ ತಿಂಡಿ ತಿಂದಿರಿ ಎಂದು ಪ್ರಶ್ನಾವಳಿ ಕೇಳುತ್ತದೆ. ಯಾರಿಗೆ ತಾನೆ ನೆನಪಿರುತ್ತದೆ? ಕಾಯಿಲೆ ಬಂದವರು ಕಾರಣ ಹುಡುಕುತ್ತ ನೆನಪನ್ನು ಕೆದಕುತ್ತಾರೆ, ಬಾರದವರು ತೋಚಿದ್ದು ಬರೆದು ಎದ್ದು ಹೋಗುತ್ತಾರೆ. ಹೆಚ್ಚು ತರಕಾರಿ ತಿನ್ನುವವರು ಹಲವು ಸಲ ಹೆಚ್ಚು ನಡೆಯುವವರೂ ಕಡಿಮೆ ಸೇದುವವರೂ ಉಳ್ಳವರೂ ಆಗಿರುತ್ತಾರೆ. ಅವರನ್ನು ಕಾಪಾಡಿದ್ದು ತರಕಾರಿಯೋ ನಡಿಗೆಯೋ ಹಣವೋ ಬಿಡಿಸಿ ಹೇಳುವುದು ಸುಲಭವಲ್ಲ. ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ಸಿಗರೇಟನ್ನೂ ಶ್ವಾಸಕೋಶದ ಕ್ಯಾನ್ಸರನ್ನೂ ಜೋಡಿಸಿದಾಗಲೂ ಇಂಥ ಆಕ್ಷೇಪಗಳು ಬಂದಿದ್ದವು. ಆದರೆ ಅಲ್ಲಿ ಅಂತರ ಹತ್ತು, ಇಪ್ಪತ್ತು ಪಟ್ಟಿನದು. ನೆನಪಿನ ತಪ್ಪಿನಿಂದ ಅಷ್ಟು ದೊಡ್ಡ ಅಂತರ ಹುಟ್ಟದು. ಶೇಕಡಾ ಹತ್ತು, ಇಪ್ಪತ್ತರ ಅಂತರ ಹುಟ್ಟಬಹುದು.

2013ರಲ್ಲಿ ಶೋನ್‌ಫೆಲ್ಡ್ ಮತ್ತು ಇಯೊಆನಿಡಿಸ್ ಎಂಬ ಸಂಶೋಧಕರು ಒಂದು ಅಡುಗೆ ಪುಸ್ತಕದಿಂದ ಐವತ್ತು ಸಾಮಗ್ರಿಗಳನ್ನು ಮನಸ್ಸಿಗೆ ಬಂದಂತೆ ಆರಿಸಿದರು. ಅವುಗಳಲ್ಲಿ ನಲವತ್ತರ ಬಗ್ಗೆ ಕ್ಯಾನ್ಸರ್ ಸಂಬಂಧದ ಅಧ್ಯಯನಗಳು ನಡೆದಿದ್ದವು. ಬಹುಪಾಲು ಅಧ್ಯಯನಗಳು ಅಪಾಯ ಹೆಚ್ಚುತ್ತದೆ ಅಥವಾ ಇಳಿಯುತ್ತದೆ ಎಂದು ಹೇಳಿದ್ದವು, ಆದರೆ ಅವುಗಳ ಪೈಕಿ ಮುಕ್ಕಾಲು ಪಾಲಿಗೆ ಅಂಕಿಅಂಶದ ಬಲ ದುರ್ಬಲ. ಒಂದೇ ಪದಾರ್ಥ ಒಂದರಲ್ಲಿ ರಕ್ಷಕ, ಇನ್ನೊಂದರಲ್ಲಿ ಭಕ್ಷಕ. ಹಾಗಾಗಿಯೇ ಒಂಟಿ ಅಧ್ಯಯನವೊಂದನ್ನು ನೆಚ್ಚಿ ಊಟ ಬದಲಿಸುವುದು ಅವಸರದ ಕೆಲಸ.

ಹೆದರಿಸುವ ಸುದ್ದಿಯಷ್ಟೇ ಭರವಸೆಯ ಸುದ್ದಿಯನ್ನೂ ಅನುಮಾನಿಸಬೇಕು. ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೊಟಿನ್ ಕ್ಯಾನ್ಸರ್ ತಡೆಯುತ್ತದೆಂದು ಹಲವು ಅಧ್ಯಯನಗಳು ಸೂಚಿಸಿದ್ದವು. ಫಿನ್‌ಲೆಂಡಿನಲ್ಲಿ ಧೂಮಪಾನಿಗಳಾದ 29,133 ಗಂಡಸರ ಮೇಲೆ ಮಾತ್ರೆಯ ರೂಪದಲ್ಲಿ ಅದರ ಪರೀಕ್ಷೆ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದೇ ಪರೀಕ್ಷೆಯನ್ನು 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಲಕ್ಷ್ಮಣಫಲ ತಿಂದರೆ ಗೆಡ್ಡೆ ಕರಗುತ್ತದೆ ಎಂಬ ಸಂದೇಶವನ್ನು ಮೊಬೈಲಿನಲ್ಲಿ ಹಂಚುವವರು ಈ ಚರಿತ್ರೆಯನ್ನು ಓದಬೇಕು. ಅದನ್ನು ನಂಬಿ ಚಿಕಿತ್ಸೆ ಮುಂದೂಡಿದವರು ಕಳೆದುಕೊಳ್ಳುವ ತಿಂಗಳುಗಳನ್ನು ಯಾವ ಹಣ್ಣೂ ಹಿಂದಿರುಗಿಸದು.

ಈ ಸುದ್ದಿಗಳಿಂದ ಆಗುವ ಇನ್ನೊಂದು ಗಾಯ ಯಾವ ಅಂಕಿಯಲ್ಲೂ ಕಾಣುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ನೆಂಟರಿಷ್ಟರು ಕೇಳುವುದು ‘ಏನು ತಿಂತಿದ್ರು?’ ಎಂದು. ರೋಗಿ ತನ್ನ ನಾಲಿಗೆಯನ್ನು ಶಪಿಸಿಕೊಳ್ಳುತ್ತಾನೆ. ಬಡಿಸಿದ ತಾಯಿಯೋ ಹೆಂಡತಿಯೋ ತನ್ನ ಕೈಯನ್ನು ಶಪಿಸಿಕೊಳ್ಳುತ್ತಾಳೆ. ವಯಸ್ಸು, ಅನುವಂಶೀಯತೆ, ಸೋಂಕು, ಕೋಶ ಒಡೆದು ಇಮ್ಮಡಿಯಾಗುವಾಗ ಆಗುವ ಆಕಸ್ಮಿಕ ತಪ್ಪು, ಇವೆಲ್ಲ ಸೇರಿ ಹುಟ್ಟುವ ಕಾಯಿಲೆಗೆ ಒಂದು ತಿಂಡಿಯನ್ನು ಹೊಣೆ ಮಾಡುವುದು ಸುಳ್ಳು, ಜೊತೆಗೆ ಕ್ರೌರ್ಯ.

ಆಹಾರಕ್ಕೂ ಕ್ಯಾನ್ಸರಿಗೂ ಸಂಬಂಧವೇ ಇಲ್ಲ ಎಂಬುದು ನನ್ನ ವಾದವಲ್ಲ. ಬೂಸ್ಟು ಹಿಡಿದ ಕಡಲೆಕಾಯಿ, ಮೆಕ್ಕೆಜೋಳಗಳಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರಿಗೆ ಖಚಿತ ಕಾರಣ. ಹೆಪಟೈಟಿಸ್-ಬಿ ಸೋಂಕೂ ಇದ್ದರೆ ಅಪಾಯ ಹಲವು ಪಟ್ಟಾಗುತ್ತದೆ. 1974ರಲ್ಲಿ ಗುಜರಾತ್, ರಾಜಸ್ಥಾನಗಳ ಗಡಿಯ ಬುಡಕಟ್ಟು ಹಳ್ಳಿಗಳಲ್ಲಿ ಇದೇ ವಿಷ ಸೇರಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಕಾಳನ್ನು ಚೆನ್ನಾಗಿ ಒಣಗಿಸಿ, ಬೂಸ್ಟು ಹಿಡಿದದ್ದನ್ನು ಆರಿಸಿ ಎಸೆಯಿರಿ ಎಂಬ ಮಾತು ಮಾತ್ರ ತಲೆಬರಹವಾಗುವುದಿಲ್ಲ.

ಸಂಶಯಕ್ಕೆ ನಿಜವಾದ ಪರೀಕ್ಷೆ ಎದುರಾಗುವುದು ಅಡಿಕೆಯ ವಿಷಯದಲ್ಲಿ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ಕರ್ನಾಟಕ. ಲಿಯಾನಿನ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಎಲೆಅಡಿಕೆಯನ್ನೂ ಅಡಿಕೆಯನ್ನೂ ಮೊದಲನೆಯ ಗುಂಪಿಗೆ ಸೇರಿಸಿತು. ಆಗಿನಿಂದ ನಮ್ಮಲ್ಲಿ ಕೇಳಿಬರುವುದು, ನಾನು ಮೇಲೆ ಹೇಳಿದ ಸಂಶಯದ ಮಾತುಗಳೇ: ಇದು ವಿದೇಶಿಯರ ಉತ್ಪ್ರೇಕ್ಷೆ, ತಪ್ಪು ತಂಬಾಕಿನದು, ನಮ್ಮಜ್ಜ ಎಲೆಅಡಿಕೆ ಹಾಕಿಕೊಂಡೇ ತೊಂಬತ್ತು ದಾಟಿದರು. ಸರಿ, ಬೇಕನ್ನಿಗೆ ಕೇಳಿದ ಪ್ರಶ್ನೆಯನ್ನೇ ಇಲ್ಲೂ ಕೇಳೋಣ. ಎಷ್ಟು ಪಟ್ಟು? ತಂಬಾಕು ಬೆರೆಸದೆ ಜಗಿಯುವುದೇ ರೂಢಿಯಾಗಿರುವ ತೈವಾನಿನಲ್ಲಿ, ಜಗಿಯದವರಿಗೆ ಹೋಲಿಸಿದರೆ ಬಾಯಿ ಕ್ಯಾನ್ಸರಿನ ಸಂಭವ ಸುಮಾರು ಹತ್ತು ಪಟ್ಟು. ಭಾರತ ಉಪಖಂಡದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ತಂಬಾಕಿಲ್ಲದೆಯೂ ಸುಮಾರು ಎರಡೂವರೆ ಪಟ್ಟು. ಬೇಕನ್ನಿನ ಅಂಕಿಯನ್ನು ಇದೇ ಅಳತೆಯಲ್ಲಿ ಹೇಳಿದರೆ 1.18 ಪಟ್ಟು ಮಾತ್ರ. ಜಗಿಯುವ ಪ್ರಮಾಣ, ವರ್ಷ ಹೆಚ್ಚಿದಷ್ಟೂ ಅಪಾಯ ಹೆಚ್ಚುತ್ತದೆ. ಕ್ಯಾನ್ಸರಿಗೆ ಮೊದಲೇ ಬಾಯಿಯ ಒಳಪದರ ಬಿಗಿದು, ಬಾಯಿ ತೆರೆಯಲಾಗದ ಸ್ಥಿತಿ ಬರುವುದನ್ನು ವೈದ್ಯರು ಕಣ್ಣಾರೆ ಕಾಣುತ್ತಿದ್ದಾರೆ.

ಮದುವೆಯೂಟದ ನಂತರದ ಒಂದು ತಾಂಬೂಲಕ್ಕೂ ಬೆಳಗಿನಿಂದ ಮಲಗುವವರೆಗೆ ದವಡೆಯಲ್ಲಿಟ್ಟುಕೊಳ್ಳುವ ಅಡಿಕೆಗೂ ವ್ಯತ್ಯಾಸವಿದೆ, ಅದನ್ನು ಹೇಳಲೇಬೇಕು. ಮಲೆನಾಡಿನ, ಕರಾವಳಿಯ, ಚನ್ನಗಿರಿ ಸೀಮೆಯ ಬೆಳೆಗಾರರ ಭಯವೂ ನಿಜ. ಬೆಲೆ ಬಿದ್ದರೆ ಮನೆ ಬೀಳುತ್ತದೆ, ಅವರಿಗೆ ಸರ್ಕಾರದ ಆಸರೆ ಬೇಕು. ಆದರೆ ಬದುಕಿನ ಕಷ್ಟ ಸಾಕ್ಷ್ಯವನ್ನು ಬದಲಿಸುವುದಿಲ್ಲ. ಗೋಬಿಯ ಬಣ್ಣಕ್ಕೆ ಹೌಹಾರಿ ಅಡಿಕೆಯ ವರದಿಯನ್ನು ತಳ್ಳಿಹಾಕುವವರು ಸಂಶಯವಾದಿಗಳಲ್ಲ. ತಮಗೆ ಬೇಕಾದ್ದನ್ನು ಆರಿಸಿಕೊಳ್ಳುವವರು.

ದೊಡ್ಡ ಅಪಾಯ ಎಲ್ಲಿದೆ ಎಂಬುದನ್ನೂ ಅಂಕಿಯೇ ಹೇಳುತ್ತದೆ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ವರದಿಯ ಅಂದಾಜಿನಂತೆ ದೇಶದ ಕ್ಯಾನ್ಸರ್ ಪ್ರಕರಣಗಳಲ್ಲಿ ಶೇ. 27ರಷ್ಟು ತಂಬಾಕಿಗೆ ಸಂಬಂಧಿಸಿದವು. ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೆ: ‘ಕ್ಯಾನ್ಸರ್’ ಎಂಬ ಪದ ತಲೆಬರಹಕ್ಕೆ ಏರಿದ ದಿನ, ಎಷ್ಟು ತಿಂದರೆ, ಎಷ್ಟು ಜನರಲ್ಲಿ ಎಷ್ಟು ಜನರಿಗೆ ಎಂಬ ಸಾಲು ಸುದ್ದಿಯ ಮೊದಲ ಪ್ಯಾರಾದಲ್ಲೇ ಇರಲಿ. ಓದುಗರಲ್ಲಿ ಕೋರಿಕೆ: ಆ ಸಾಲು ಇಲ್ಲದ ಸುದ್ದಿಯನ್ನು ಮುಂದಕ್ಕೆ ಕಳಿಸಬೇಡಿ. ಜಗಿಯುವವರು, ಸೇದುವವರು ಮನೆಯಲ್ಲಿದ್ದರೆ ಅವರ ಬಾಯಿಯನ್ನು ಬೆಳಕಿನಲ್ಲಿ ಒಮ್ಮೆ ನೋಡಿ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಅಗಲಿಸಲು ಕಷ್ಟ, ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೋ ದಂತವೈದ್ಯರಿಗೋ ತೋರಿಸಿ. ಆರಂಭದಲ್ಲೇ ಪತ್ತೆಯಾದ ಬಾಯಿ ಕ್ಯಾನ್ಸರನ್ನು ಗುಣಪಡಿಸಬಹುದು.