ಸಾಹಸವೂ ಹೊಣೆಯೂ

ಅಜ್ಞಾತವಾದುದನ್ನು ಅರಿಯಬೇಕೆಂಬ ಹಂಬಲ ಮಾನವನಿಗೆ ಹುಟ್ಟಿನೊಡನೆಯೇ ಬಂದುದು. ಈ ಹಂಬಲವಿಲ್ಲದಿದ್ದರೆ ಸಾಗರಗಳು ದಾಟಲಾಗದ ಎಲ್ಲೆಗಳಾಗಿಯೇ ಉಳಿಯುತ್ತಿದ್ದುವು. ಧ್ರುವಪ್ರದೇಶಗಳು ಭೂಪಟದ ಮೇಲಿನ ಬರಿಯ ಖಾಲಿ ಜಾಗಗಳಾಗಿರುತ್ತಿದ್ದುವು. ಆದುದರಿಂದಲೇ ಲೋಕವು ಸಾಹಸಿಗಳನ್ನು ಎಲ್ಲ ಕಾಲದಲ್ಲಿಯೂ ಗೌರವಿಸುತ್ತ ಬಂದಿದೆ. ಆದರೆ ಸಾಹಸಿಯು ಅಪಾಯಕ್ಕೆ ಸಿಲುಕಿದಾಗ ಅವನನ್ನು ಉಳಿಸಲು ಇತರರು ತಮ್ಮ ಪ್ರಾಣವನ್ನು ಪಣವಾಗಿಡಬೇಕಾಗುತ್ತದೆ. ಹಾಗಿರುವಾಗ, ಹೊರಡುವ ಮುನ್ನ ಆ ಇತರರ ವಿಷಯದಲ್ಲಿ ಅವನಿಗೆ ಯಾವ ಕರ್ತವ್ಯವೂ ಇಲ್ಲವೇ? 2011ರಲ್ಲಿ ಅಂಟಾರ್ಕ್ಟಿಕದ ಕಡಲಿನಲ್ಲಿ ಕಣ್ಮರೆಯಾದ ‘ಬರ್ಸರ್ಕ್’ ಎಂಬ ಹಾಯಿನೌಕೆಯ ವೃತ್ತಾಂತವು ಈ ಪ್ರಶ್ನೆಯನ್ನು ನಮ್ಮೆದುರು ತಂದು ನಿಲ್ಲಿಸುತ್ತದೆ.

ನಾರ್ವೆ ದೇಶದ ರೋಆಲ್ಡ್ ಅಮುಂಡ್ಸೆನ್ ದಕ್ಷಿಣ ಧ್ರುವವನ್ನು ಮೊತ್ತಮೊದಲು ತಲುಪಿದುದು 1911ರ ಡಿಸೆಂಬರ್ 14ರಂದು. ಆ ಸಾಧನೆಗೆ ನೂರು ವರ್ಷ ತುಂಬುವ ಸಂದರ್ಭದಲ್ಲಿ ಅವನ ಹಾದಿಯನ್ನು ಸ್ಮರಿಸುವ ಉದ್ದೇಶದಿಂದ ಅದೇ ದೇಶದ ನಾವಿಕ ಯಾರ್ಲೆ ಆಂಡ್ಹೋಯ್ ನ್ಯೂಜಿಲೆಂಡಿನಿಂದ ದಕ್ಷಿಣಕ್ಕೆ ಹೊರಟನು. ಅವನ ‘ಬರ್ಸರ್ಕ್’ ಸುಮಾರು 14 ಮೀಟರ್ ಉದ್ದದ ಉಕ್ಕಿನ ನೌಕೆ. ಅದು ರಾಸ್ ಸಮುದ್ರವನ್ನು ಹಾದು ಮೆಕ್‌ಮರ್ಡೋ ಕೊಲ್ಲಿಯನ್ನು ಸೇರಿತು. ಆಂಡ್ಹೋಯ್ ಮತ್ತು ಅವನ ಸಂಗಡಿಗನೊಬ್ಬ ಮೋಟಾರು ವಾಹನಗಳೊಂದಿಗೆ ಹಿಮದ ಮೇಲಿಳಿದು ಧ್ರುವದ ಕಡೆಗೆ ನಡೆದರು. ಉಳಿದ ಮೂವರು ನೌಕೆಯಲ್ಲಿಯೇ ಉಳಿದರು. ಫೆಬ್ರವರಿ 22ರಂದು ಭೀಕರವಾದ ಬಿರುಗಾಳಿ ಎದ್ದಿತು. ನ್ಯೂಜಿಲೆಂಡಿನ ಸ್ಕಾಟ್ ನೆಲೆಯಿಂದ ಉತ್ತರಕ್ಕೆ ಸುಮಾರು 33 ಕಿಲೋಮೀಟರ್ ದೂರದಲ್ಲಿ ನೌಕೆಯ ಅಪಾಯಸೂಚಕ ರೇಡಿಯೋ ಯಂತ್ರವು ಉಪಗ್ರಹಕ್ಕೆ ಸಂಕೇತ ಕಳುಹಿಸತೊಡಗಿತು. ಒಂದು ಗಂಟೆ ತುಂಬುವುದರೊಳಗಾಗಿ ಆ ಸಂಕೇತವೂ ನಿಂತುಹೋಯಿತು.

ಆ ವೇಳೆಯಲ್ಲಿ ನ್ಯೂಜಿಲೆಂಡ್ ನೌಕಾಪಡೆಯ ‘ವೆಲಿಂಗ್ಟನ್’ ಎಂಬ ಹಡಗು ಅದೇ ಸಮುದ್ರದಲ್ಲಿತ್ತು. ಗಂಟೆಗೆ 150 ಕಿಲೋಮೀಟರಿಗೂ ಮಿಗಿಲಾದ ವೇಗದಿಂದ ಬೀಸುತ್ತಿದ್ದ ಗಾಳಿಯಲ್ಲಿ, ಬೆಟ್ಟದಂತೆ ಏಳುತ್ತಿದ್ದ ಅಲೆಗಳ ನಡುವೆ ಅದು ಹುಡುಕಾಟಕ್ಕೆ ತೊಡಗಿ, ತಾನೇ ಪೆಟ್ಟು ತಿಂದಿತು. ತಿಮಿಂಗಿಲ ಬೇಟೆಯನ್ನು ವಿರೋಧಿಸುವ ಸಂಸ್ಥೆಯೊಂದಕ್ಕೆ ಸೇರಿದ ‘ಸ್ಟೀವ್ ಅರ್ವಿನ್’ ಹಡಗೂ ತನ್ನ ಕೆಲಸವನ್ನು ಬದಿಗಿಟ್ಟು ನೆರವಿಗೆ ಧಾವಿಸಿತು. ಅದಕ್ಕೆ ದೊರೆತುದು ಜಖಂಗೊಂಡ ಒಂದು ಬರಿದಾದ ಜೀವರಕ್ಷಕ ತೆಪ್ಪ ಮಾತ್ರ. ಆ ಮೂವರ ಸುಳಿವು ಸಿಗಲೇ ಇಲ್ಲ.

ನೌಕೆಗೆ ಆದುದೇನು? ಈ ಪ್ರಶ್ನೆಗೆ ನಿಶ್ಚಿತವಾದ ಉತ್ತರವಿಲ್ಲ. ಅಂಟಾರ್ಕ್ಟಿಕದ ಒಳನಾಡಿನ ಎತ್ತರದ ಹಿಮಭೂಮಿಯ ಮೇಲೆ ತಣಿದು ಭಾರವಾದ ಗಾಳಿಯು ಇಳಿಜಾರಿನಗುಂಟ ನೀರಿನಂತೆ ಹರಿದು ಕಡಲಿಗೆ ನುಗ್ಗುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ಅಲೆಯ ತುಂತುರು ಹಾಯಿಗಂಬ, ಹಗ್ಗ, ಅಟ್ಟಗಳ ಮೇಲೆ ಬಿದ್ದೊಡನೆ ಹೆಪ್ಪುಗಟ್ಟುತ್ತದೆ. ಹೀಗೆ ಮೇಲ್ಭಾಗದಲ್ಲಿ ಭಾರ ಬೆಳೆದಂತೆ ಸಣ್ಣ ನೌಕೆ ತನ್ನ ಸಮತೋಲವನ್ನು ಕಳೆದುಕೊಂಡು ಮಗುಚಬಹುದು. ತೇಲುವ ನೀರ್ಗಲ್ಲಿಗೆ ಬಡಿದು ಒಡೆಯಲೂಬಹುದು. ಆದರೆ ಇವೆಲ್ಲವೂ ಸಾಧ್ಯತೆಗಳೇ ಹೊರತು ಸಾಕ್ಷ್ಯಗಳಲ್ಲ. ಸಾಕ್ಷ್ಯವಿಲ್ಲದೆ ಗತಿಸಿದವರ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಅವರ ಸಾವಿನ ಸುತ್ತ ಕಥೆಗಳನ್ನು ಹೆಣೆಯುವುದೂ ಅಷ್ಟೇ ಅನುಚಿತ.

ಕೊನೆಯ ಗಳಿಗೆಯ ವಿಷಯ ತಿಳಿಯದಿದ್ದರೂ ಹೊರಟ ಗಳಿಗೆಯ ವಿಷಯ ತಿಳಿದಿದೆ. ಅಂಟಾರ್ಕ್ಟಿಕವು 1959ರಲ್ಲಿ ಸಹಿಯಾದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಒಳಪಟ್ಟ ಪ್ರದೇಶ. ಭಾರತವೂ 1983ರಲ್ಲಿ ಈ ಒಪ್ಪಂದಕ್ಕೆ ಸೇರಿತು. 2022ರಲ್ಲಿ ಇದಕ್ಕಾಗಿ ತನ್ನದೇ ಆದ ಕಾಯಿದೆಯನ್ನು ಮಾಡಿತು. ಅಲ್ಲಿಗೆ ಹೋಗುವವರು ತಮ್ಮ ದೇಶದ ಅನುಮತಿಯನ್ನು ಪಡೆಯಬೇಕು. ನಾರ್ವೆಯ ನಿಯಮದಂತೆ ಶೋಧ ಹಾಗೂ ರಕ್ಷಣೆಯ ವೆಚ್ಚಕ್ಕೆ ವಿಮೆಯನ್ನೂ ಮಾಡಿಸಿರಬೇಕು. ‘ಬರ್ಸರ್ಕ್’ ತಂಡ ಇವೆರಡನ್ನೂ ಮಾಡಿರಲಿಲ್ಲ. ಅನುಮತಿಪತ್ರವು ಬಿರುಗಾಳಿಯನ್ನು ತಡೆಯಲಾರದು, ನಿಜ. ಆದರೆ ಅನುಮತಿಯನ್ನು ಕೇಳಿದಾಗ ಅನುಭವಿಗಳು ಮರುಪ್ರಶ್ನೆ ಹಾಕುತ್ತಾರೆ: ಕಾಲ ಯಾವುದು? ಆಪತ್ತು ಬಂದರೆ ನೆರವು ಯಾರದು? ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗಲೇ ಅನೇಕ ಅಪಾಯಗಳು ಮುಂಚಿತವಾಗಿ ಕಣ್ಣಿಗೆ ಬೀಳುತ್ತವೆ.

“ಎಲ್ಲರೂ ಅಪ್ಪಣೆಗಾಗಿ ಕಾದಿದ್ದರೆ ಅಮುಂಡ್ಸೆನ್ ಧ್ರುವವನ್ನು ಮುಟ್ಟುತ್ತಿದ್ದನೇ?” ಎಂದು ಕೆಲವರು ಕೇಳಬಹುದು. ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಉತ್ತರ ಧ್ರುವಕ್ಕೆಂದು ಹೊರಟ ಅವನು ದಕ್ಷಿಣಕ್ಕೆ ತಿರುಗುವ ಗುಟ್ಟನ್ನು ತನ್ನ ನಾವಿಕರಲ್ಲಿ ಹೆಚ್ಚಿನವರಿಗೆ ಬಿಟ್ಟುಕೊಟ್ಟುದು 1910ರಲ್ಲಿ, ಮಡೀರಾ ದ್ವೀಪವನ್ನು ತಲುಪಿದ ಮೇಲೆಯೇ. ಆದರೆ ಮನುಷ್ಯರಿಂದ ಗುಟ್ಟನ್ನು ಮುಚ್ಚಿಟ್ಟ ಅಮುಂಡ್ಸೆನ್ ಪ್ರಕೃತಿಯನ್ನು ಎಂದೂ ಕಡೆಗಣಿಸಲಿಲ್ಲ. 1911ರ ಜನವರಿಯಲ್ಲಿ ಹಿಮತೀರವನ್ನು ಸೇರಿದ ಅವನ ‘ಫ್ರಾಮ್’ ಹಡಗು ಫೆಬ್ರವರಿ ನಡುಭಾಗದಲ್ಲಿಯೇ ಆ ಕಡಲನ್ನು ಬಿಟ್ಟು ಬ್ಯುನೋಸ್ ಐರಿಸ್ ಕಡೆಗೆ ಹೊರಟಿತು. ತೀರದಲ್ಲಿ ಉಳಿದವರು ದಾರಿಯುದ್ದಕ್ಕೂ ಆಹಾರದ ದಾಸ್ತಾನುಗಳನ್ನು ಇರಿಸಿ, ಮಂಜಿನಲ್ಲಿಯೂ ಗುರುತು ತಪ್ಪದಂತೆ ಬಾವುಟಗಳನ್ನು ನೆಟ್ಟರು. ಸೆಪ್ಟೆಂಬರಿನಲ್ಲಿ ಅವಸರದಿಂದ ಹೊರಟಾಗ ಚಳಿ ಸಹಿಸಲಸದಳವಾಗಿರಲು ಅಮುಂಡ್ಸೆನ್ ಹಿಂದಿರುಗಿದನು. ಮತ್ತೆ ಹೊರಟುದು ಅಕ್ಟೋಬರ್ 19ರಂದು. 1912ರ ಜನವರಿ 25ಕ್ಕೆ ಬಿಡಾರಕ್ಕೆ ಮರಳಿ, ಅದೇ ತಿಂಗಳ 30ಕ್ಕೆ ಹಡಗನ್ನೇರಿ ತೆರಳಿದನು. ಎಂದರೆ, ಬೇಸಗೆ ಮುಗಿಯುವ ಮೊದಲೇ ಅವನು ಬಿಟ್ಟುಹೋದ ಕಡಲಿನಲ್ಲಿ, ಬೇಸಗೆ ಕಳೆಯುತ್ತಿದ್ದ ಕಾಲದಲ್ಲಿ ‘ಬರ್ಸರ್ಕ್’ ಉಳಿದುಕೊಂಡಿತ್ತು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯಲ್ಲಿ ಕಾಲವನ್ನರಿತು ನಡೆಯಬೇಕೆಂಬ ವಿವೇಕ ಅಡಗಿದೆ. ಅಮುಂಡ್ಸೆನ್ನನ ಗೆಲವಿಗೆ ಅವನ ಧೈರ್ಯ ಎಷ್ಟು ಕಾರಣವೋ, ಕಾಯುವ ಮತ್ತು ಹಿಂದಿರುಗುವ ವಿವೇಕವೂ ಅಷ್ಟೇ ಕಾರಣ.

2012ರಲ್ಲಿ ಆಂಡ್ಹೋಯ್ ಮತ್ತೊಂದು ನೌಕೆಯಲ್ಲಿ, ಮತ್ತೆ ಅನುಮತಿಯಿಲ್ಲದೆ, ಗೆಳೆಯರ ಸುಳಿವನ್ನು ಅರಸುತ್ತ ಅದೇ ಕಡಲಿಗೆ ಹೋದನು. ನಾರ್ವೆಯ ಆಡಳಿತ ಅವನಿಗೆ ದಂಡ ವಿಧಿಸಿತು. ಗೆಳೆಯರನ್ನು ಕಳೆದುಕೊಂಡವನ ಸಂಕಟ ಎಂಥವರ ಮನಸ್ಸನ್ನೂ ಕರಗಿಸುವಂತಹುದು. ಆದರೆ ಆ ಸಂಕಟವು ಮತ್ತೊಂದು ತಂಡವನ್ನು ಅದೇ ಅಪಾಯಕ್ಕೆ ಒಡ್ಡುವ ಹಕ್ಕನ್ನು ಕೊಡಲಾರದು.

ಕಡಲಿನಲ್ಲಿ ಆರ್ತನಾದ ಕೇಳಿದಾಗ ಯಾವ ಕಪ್ತಾನನೂ “ನಿನ್ನ ಬಳಿ ಅನುಮತಿ ಇದೆಯೇ?” ಎಂದು ಕೇಳುವುದಿಲ್ಲ, ಹಡಗನ್ನು ತಿರುಗಿಸಿ ನೆರವಿಗೆ ಹೋಗುತ್ತಾನೆ. ಇದು ನಾವಿಕರ ಪುರಾತನ ಧರ್ಮ. ‘ವೆಲಿಂಗ್ಟನ್’ ಹಡಗಿನವರು ಆ ರಾತ್ರಿ ಪಾಲಿಸಿದುದೂ ಇದನ್ನೇ. ಕೇಳದೆಯೇ ದೊರೆಯುವ ಈ ನೆರವಿಗೆ ಪ್ರತಿಯಾಗಿ ಸಾಹಸಿಯು ಸಲ್ಲಿಸಬಹುದಾದುದು ಒಂದೇ: ಆ ನೆರವಿನ ಅಗತ್ಯ ಬೀಳದಂತೆ ತನ್ನಿಂದಾದ ಸಿದ್ಧತೆಯನ್ನೆಲ್ಲ ಮಾಡಿಕೊಳ್ಳುವುದು. ಮರಳಿ ಬಾರದ ಆ ಮೂವರ ನೆನಪಿಗೆ ಸಲ್ಲಬೇಕಾದ ಗೌರವವೂ ಇದೇ ಆಗಿದೆ.