ತೆರಿಗೆ ವಿನಾಯಿತಿ ಇಲ್ಲವೆಂದು ತಪಾಸಣೆ ಬಿಡಬೇಡಿ

ಆರೋಗ್ಯದ ಪುಟದಲ್ಲಿ ಆದಾಯ ತೆರಿಗೆಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ನಮ್ಮಲ್ಲಿ ಅನೇಕ ಸಂಬಳದಾರರು ಆರೋಗ್ಯ ವಿಮೆ ಮಾಡಿಸಿದ್ದು ಮತ್ತು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಿದ್ದುದು ಕಾಯಿಲೆಯ ಭಯದಿಂದಲ್ಲ, ಮಾರ್ಚ್ ತಿಂಗಳಲ್ಲಿ ತೆರಿಗೆ ಉಳಿಸಲು. ಆ ಕಾರಣ ಈಗ ಬಹುಮಂದಿಗೆ ಇಲ್ಲವಾಗಿದೆ.

1961ರ ಕಾನೂನಿನ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ. ಹೊಸ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ, ಸಂಬಳದಾರರಿಗಾದರೆ 12.75 ಲಕ್ಷದವರೆಗೆ, ತೆರಿಗೆ ಇಲ್ಲ. ಷೇರು ಮಾರಾಟದ ಲಾಭದಂಥ ವಿಶೇಷ ದರದ ಆದಾಯಕ್ಕೆ ಮಾತ್ರ ಇದು ಅನ್ವಯಿಸದು. ಮಧ್ಯಮ ವರ್ಗಕ್ಕೆ ಇದು ನಿಜವಾದ ನೆಮ್ಮದಿ. ಆದರೆ 80ಡಿ ಎಂದು ನಾವು ಕರೆಯುತ್ತಿದ್ದ ವಿನಾಯಿತಿ ಈ ಪದ್ಧತಿಯಲ್ಲಿ ಸಿಗದು. ಹಳೆಯ ಪದ್ಧತಿಯಲ್ಲಿ ಕುಟುಂಬದ ವಿಮೆಗೆ 25,000 ರೂಪಾಯಿ, 60 ದಾಟಿದ ತಂದೆತಾಯಿಗೆ ಇನ್ನೂ 50,000 ರೂಪಾಯಿವರೆಗೆ ಕಳೆಯಬಹುದು. ತಪಾಸಣೆಯ 5,000 ರೂಪಾಯಿ ಈ ಮಿತಿಯೊಳಗೇ ಸೇರಿದೆ.

ಗೃಹಸಾಲದ ಬಡ್ಡಿ, ಬಾಡಿಗೆ ಭತ್ಯೆ, ವೃದ್ಧ ತಂದೆತಾಯಿಯ ವೈದ್ಯವೆಚ್ಚ ಸೇರಿ ದೊಡ್ಡ ಮೊತ್ತವಾಗುವವರು ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿ ನೋಡಲಿ. ಸಂಬಳದಾರರು ಪ್ರತಿವರ್ಷ ಪದ್ಧತಿ ಬದಲಿಸಬಹುದು. ಅಂಗಡಿ, ವ್ಯಾಪಾರದ ಆದಾಯವಿರುವವರು ಹಳೆಯದಕ್ಕೆ ಹೋದರೆ ಹೊಸದಕ್ಕೆ ಮರಳಲು ಒಂದೇ ಅವಕಾಶ. ಆದ್ದರಿಂದ ತಿಳಿದವರನ್ನು ಕೇಳಿಯೇ ನಿರ್ಧರಿಸಬೇಕು.

ವಿನಾಯಿತಿ ಇಲ್ಲವೆಂದು ವಿಮೆ ನವೀಕರಿಸದೆ ಬಿಡುವುದು ಮಾತ್ರ ದೊಡ್ಡ ತಪ್ಪು. ಪಾಲಿಸಿ ಮುರಿದರೆ ಹಳೆಯ ಕಾಯಿಲೆಗಳ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರುವಾಗಬಹುದು. ಇನ್ನೊಂದು ಸಂಗತಿ: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಕುಟುಂಬದ ಆರೋಗ್ಯ ವಿಮೆಯ ಮೇಲಿನ 18 ಶೇಕಡಾ ಜಿಎಸ್‌ಟಿ ರದ್ದಾಗಿದೆ. 25,000 ರೂಪಾಯಿ ಕಂತಿಗೆ ಮೊದಲು 4,500 ರೂಪಾಯಿ ತೆರಿಗೆ ಸೇರುತ್ತಿತ್ತು. 20 ಶೇಕಡಾ ದರದವರಿಗೆ 80ಡಿಯಿಂದ ಉಳಿಯುತ್ತಿದ್ದುದು ಸೆಸ್ ಸೇರಿ 5,200 ರೂಪಾಯಿ. ಅಂದರೆ ನಷ್ಟದ ಬಹುಪಾಲು ಇಲ್ಲಿ ತುಂಬಿ ಬರುತ್ತದೆ. ಅಲ್ಲದೆ ಆದಾಯ ತೆರಿಗೆಯನ್ನೇ ಕಟ್ಟದ ಆಟೋ ಚಾಲಕನಿಗೂ ಈ ಲಾಭ ಸಿಗುತ್ತದೆ. ವಿಮೆಯ ಬಗ್ಗೆ ದೀನೀ ಸಂಶಯವಿರುವವರು ಉಲಮಾಗಳನ್ನು ಕೇಳಿಕೊಳ್ಳಲಿ. ವಿಮೆ ಬೇಡವೆಂದಾದರೆ ಅಷ್ಟೇ ಹಣವನ್ನು ಚಿಕಿತ್ಸೆಗೆಂದು ಪ್ರತಿವರ್ಷ ಬೇರೆ ತೆಗೆದಿಡಲಿ.

ಸರ್ಕಾರದ ಬಗ್ಗೆ ನನ್ನ ಆಕ್ಷೇಪ ಒಂದೇ. ತಪಾಸಣೆಯ 5,000 ರೂಪಾಯಿ ವಿನಾಯಿತಿಯನ್ನು ಹೊಸ ಪದ್ಧತಿಯಲ್ಲೂ ಉಳಿಸಬೇಕಿತ್ತು. ಅದರಿಂದ ಉಳಿಯುತ್ತಿದ್ದ ತೆರಿಗೆ ಸಾವಿರ ರೂಪಾಯಿಯ ಆಸುಪಾಸು ಮಾತ್ರ. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆಗಳು ಆರಂಭದಲ್ಲಿ ಸದ್ದಿಲ್ಲದೆ ಬರುತ್ತವೆ. ಪರೀಕ್ಷೆ ಮಾಡಿಸದವನಿಗೆ ಅವು ತಿಳಿಯುವುದು ಅಂಗಕ್ಕೆ ಹಾನಿಯಾದ ಮೇಲೆ. ಯುನಾನಿಯಲ್ಲಿ ಇದ್ದ ಆರೋಗ್ಯವನ್ನು ಕಾಪಾಡುವ ಹಿಫ್ಜಾನೆ ಸೆಹತ್‌ಗೆ ಚಿಕಿತ್ಸೆಗಿಂತ ಮೊದಲ ಸ್ಥಾನ. ತೆರಿಗೆ ಕಾನೂನಿನಲ್ಲೂ ಅದಕ್ಕೆ ಒಂದು ಸಣ್ಣ ಜಾಗ ಇರಬೇಕು.

ಅಲ್ಲಿಯವರೆಗೆ ಕಾನೂನು ಮಾಡದ್ದನ್ನು ನಾವೇ ಮಾಡೋಣ. ಹೊಸ ಪದ್ಧತಿಯಿಂದ ಉಳಿದ ತೆರಿಗೆಯಲ್ಲಿ ಮೊದಲ ಐದು ಸಾವಿರವನ್ನು ಮನೆಯವರ ತಪಾಸಣೆಗೆ ಇಡಿ. ಮನೆಯ ಹೆಂಗಸರ ಸರದಿ ಕೊನೆಗೆ ಬರುವುದು ಬೇಡ, ಅವರಿಂದಲೇ ಆರಂಭಿಸಿ. ಅಷ್ಟು ಹಣವಿಲ್ಲದವರು 30 ವಯಸ್ಸು ದಾಟಿದ್ದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಮತ್ತು ರಕ್ತದೊತ್ತಡದ ಪರೀಕ್ಷೆಯನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದು. ದೇಹ ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್. ಅದನ್ನು ನೋಡಿಕೊಳ್ಳಲು ತೆರಿಗೆ ಇಲಾಖೆಯ ಪ್ರೋತ್ಸಾಹಕ್ಕಾಗಿ ಕಾಯಬೇಕಿಲ್ಲ.